ದಿನ ಹೇಳಿ ಕರೆದ ಹಿಮ

ಸಿಡ್ನಿಯ ಪೆಂಡಲ್ ಹಿಲ್‌ನ ದಿನಸಿ ಅಂಗಡಿಗಳ ಸಾಲಿನಲ್ಲಿ ಇದನ್ನು ಅವರೆಕಾಳಿನ ಕಥೆಯೆಂದು ಹೇಳುತ್ತಾರೆ. ಮೆಲ್ಬರ್ನಿನ ಕನ್ನಡಿಗರು ಹಿಂಬಾಗಿಲಿನ ಕಥೆ ಎನ್ನುತ್ತಾರೆ. ಹೇಳುವವರು ಬದಲಾದಂತೆ ಹಿತ್ತಿಲಿನ ಅಳತೆ ಬದಲಾಗುತ್ತದೆ, ಚಳಿಯ ಡಿಗ್ರಿ ಬದಲಾಗುತ್ತದೆ. ಕಾಳಿನ ಎಣಿಕೆಯಲ್ಲಿ ಮಾತ್ರ ಯಾರೂ ತಪ್ಪುವುದಿಲ್ಲ. ಅನುಸೂಯ ಸಿಡ್ನಿಯ ಕೆಲ್ಲಿವಿಲ್ ಬಿಟ್ಟು ಮೆಲ್ಬರ್ನಿಗೆ ಹೊರಟ ದಿನ ಅವಳ ಕೈಚೀಲದ ಒಳಜೇಬಿನಲ್ಲಿ ಹತ್ತೊಂಬತ್ತು ಅವರೆಕಾಳುಗಳಿದ್ದವು.

ಅವು ಅಂಗಡಿಯ ಫ್ರೀಜರಿನಲ್ಲಿ ಸಿಗುವ ಅವರೆಯಲ್ಲ. ಮಾಗಡಿ ಸೀಮೆಯ ಸೊಗಡಿನ ಅವರೆ; ಕಾಯಿ ಬಿಡಿಸಿದರೆ ಬೆರಳಿಗೆ ಎಣ್ಣೆ ಅಂಟಿ, ಕೈ ತೊಳೆದ ಮೇಲೂ ಪರಿಮಳ ಬಿಡದ ಜಾತಿ. ಪೆಂಡಲ್ ಹಿಲ್‌ನಲ್ಲಿದ್ದ ಭಾಗೀರಥಿ ಎಂಬ ನಿವೃತ್ತ ಗಣಿತದ ಮೇಡಂ ಮೂವತ್ತು ವರ್ಷ ಅದನ್ನು ತಮ್ಮ ಹಿತ್ತಿಲಿನಲ್ಲಿ ಬೆಳೆದು ಉಳಿಸಿಕೊಂಡಿದ್ದರು. ಮೊದಲ ಬೀಜ, ಹೊರಗಿನ ಬೀಜವನ್ನು ಒಳಗೆ ಬಿಡದ ಆ ದೇಶವನ್ನು ಹೇಗೆ ಸೇರಿತೆಂಬುದಕ್ಕೆ ಮೂರು ಬಗೆಯ ಹೇಳಿಕೆಗಳಿವೆ. ಮೂರನ್ನೂ ದನಿ ತಗ್ಗಿಸಿಯೇ ಹೇಳುತ್ತಾರೆ. ಭಾಗೀರಥಿ ತೀರಿಕೊಂಡ ಮೇಲೆ ಅವರ ಹಿತ್ತಿಲಿಗೆ ಕಾಂಕ್ರೀಟು ಬಿತ್ತು. ಅವರಿಂದ ಬೀಜ ಪಡೆದ ಮನೆಗಳಲ್ಲಿ ಒಬ್ಬರು ಬಿತ್ತಲು ಮರೆತರು, ಒಬ್ಬರು ಸಾರು ಮಾಡಿ ಉಂಡರು. ಕೆಲ್ಲಿವಿಲ್‌ನ ಅನುಸೂಯಳ ಬೇಲಿಯ ಮೇಲೆ ಮಾತ್ರ ಬಳ್ಳಿ ಉಳಿಯಿತು. ಅದನ್ನೂ ಮನೆ ಮಾರುವ ವರ್ಷ ಅಂಗಳ ಚೊಕ್ಕಟ ಮಾಡಲು ಬಂದ ಆಳುಗಳು ಕಳೆಯೆಂದು ಕಿತ್ತೆಸೆದರು. ಉಳಿದದ್ದು ಅದರ ಹಿಂದಿನ ವರ್ಷದ ಹತ್ತೊಂಬತ್ತು ಕಾಳು. ಅವರೆ ಬೀಜ ಮೂರನೆಯ ವರ್ಷಕ್ಕೆ ಮೊಳೆಯುವ ಕಸುವು ಕಳೆದುಕೊಳ್ಳುತ್ತದೆಂದು ಭಾಗೀರಥಿ ಹೇಳುತ್ತಿದ್ದರು. ಈ ವರ್ಷ ಬಿತ್ತಿ ಬೀಜ ಹಿಡಿಯದಿದ್ದರೆ ಆ ಜಾತಿ ಅಲ್ಲಿಗೆ ಮುಗಿಯುತ್ತಿತ್ತು.

ಅನುಸೂಯಳ ಗಂಡ ತಿರುಮಲೇಶ್ ಸಿಡ್ನಿಯ ನಾರ್ವೆಸ್ಟಿನ ಆಫೀಸು ಬಿಟ್ಟು ಮೆಲ್ಬರ್ನಿನಲ್ಲಿ ಹೊಸ ಕೆಲಸ ಹಿಡಿದಿದ್ದ. ಮಗಳು ಇಂಚರಾ ಓದಿಗೆಂದು ಸಿಡ್ನಿಯಲ್ಲೇ ಉಳಿದಳು. ಗಂಡಹೆಂಡಿರು ಕೊಂಡ ಮನೆ ಮೆಲ್ಬರ್ನಿನ ಉತ್ತರದಂಚಿನ ವಾಲನ್‌ನಲ್ಲಿ, ಹೊಸ ಬಡಾವಣೆಯ ಎಲ್ಲಕ್ಕಿಂತ ತಗ್ಗಿನ ಸೈಟಿನಲ್ಲಿತ್ತು. ಚಳಿಗೂ ನೀರಿನ ಗುಣವಿದೆ. ಇಳಿಜಾರು ಹುಡುಕಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಆಳೆತ್ತರದ ತಗಡಿನ ಬೇಲಿ ಮೂರು ಕಡೆ ಅದನ್ನು ಕಟ್ಟೆಯಂತೆ ತಡೆದು ಹಿಡಿಯುತ್ತಿತ್ತು.

ಪಕ್ಕದ ಮನೆಯ ಶಿವಪುತ್ರಪ್ಪ ಬಾಗಲಕೋಟೆ ಕಡೆಯವರು, ಎಪ್ಪತ್ತು ದಾಟಿದ ನಿವೃತ್ತ ದನದ ಡಾಕ್ಟರು. ಬಡಾವಣೆ ಆಗುವ ಮೊದಲು ಅಲ್ಲಿದ್ದ ಹೊಲಗಳ ಹಸುಗಳಿಗೆಲ್ಲ ಅವರೇ ಮದ್ದು ಕೊಟ್ಟವರು. ಆ ದೇಶದಲ್ಲಿ ಚಳಿಗಾಲ ಆಗತಾನೆ ಮುಗಿಯುವ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅನುಸೂಯ ಮಣ್ಣು ಸಡಿಲಿಸುತ್ತಿದ್ದಾಗ ಬೇಲಿಯ ಮೇಲಿನಿಂದ ಅವರ ತಲೆ ಕಾಣಿಸಿತು.

“ಏನ್ ಮಾಡಾಕತ್ತೀರಿ ತಂಗಿ?”

“ಅವರೆ ಹಾಕ್ತಿದ್ದೀನಿ ಡಾಕ್ಟ್ರೇ.”

“ಸೆಪ್ಟೆಂಬರ್‌ನಾಗ?”

“ಕೆಲ್ಲಿವಿಲ್‌ನಲ್ಲಿ ಯಾವಾಗಲೂ ಸೆಪ್ಟೆಂಬರ್‌ಗೇ ಹಾಕ್ತಿದ್ದೆ.”

“ಅದು ಕೆಲ್ಲಿವಿಲ್. ಇಲ್ಲಿ ಕಪ್ ಡೇ ದಾಟೂತನಕ ಟೊಮ್ಯಾಟೊ ಸುದ್ದಾ ಯಾರೂ ನೆಲಕ್ಕ ಹಚ್ಚಂಗಿಲ್ಲ. ನವೆಂಬರ್ ಮೊದಲ್ನೇ ಮಂಗಳವಾರ.”

“ಕುದುರೆ ರೇಸಿಗೂ ಬೀಜಕ್ಕೂ ಏನು ಸಂಬಂಧ ಡಾಕ್ಟ್ರೇ?”

“ಕುದುರಿಗೇನಿಲ್ಲ ಬಿಡ್ರಿ. ಫ್ರಾಸ್ಟ್‌ಗೆ ಐತಿ.”

ಫ್ರಾಸ್ಟ್ ಎಂದರೆ ಇಬ್ಬನಿ ಬಿದ್ದಲ್ಲೇ ಹೆಪ್ಪುಗಟ್ಟಿ ಬೆಳ್ಳಗಾಗುವ ಹಿಮ. ಎಳೆಯ ಅವರೆಗೆ ಅದು ಒಂದು ಮುಂಜಾವು ತಗುಲಿದರೆ ಸಾಕು. ಹಿಂದಿನ ಚಳಿಗಾಲದ ಕೊನೆಯ ಹಿಮಕ್ಕೂ ಮುಂದಿನ ಚಳಿಗಾಲದ ಮೊದಲ ಹಿಮಕ್ಕೂ ನಡುವೆ ಸಿಗುವ ದಿನಗಳಲ್ಲೇ ಬಳ್ಳಿ ಹಬ್ಬಿ, ಹೂಬಿಟ್ಟು, ಕಾಯಿ ಒಣಗಬೇಕು. ಹಗಲು ಕಿರಿದಾಗುವವರೆಗೆ ಹೂವನ್ನೇ ಬಿಡದ ಆ ಜಾತಿಗೆ ಬೇಗ ಬಿತ್ತಿದಷ್ಟೂ ಬಳ್ಳಿಗೆ ಮೈ ತುಂಬುತ್ತದೆಂದು ಅನುಸೂಯ ನಂಬಿದ್ದಳು. ನೆಲದ ಚಳಿಯನ್ನು ಅವಳು ಸಿಡ್ನಿಯ ಕೈಯಿಂದಲೇ ಮುಟ್ಟಿ ನೋಡಿದಳು. ಆದರೂ ಮುದುಕರ ಮಾತಿಗೆ ಬೆಲೆ ಕೊಟ್ಟು ಹನ್ನೆರಡು ಕಾಳುಗಳನ್ನು ಎತ್ತಿಟ್ಟು ಏಳನ್ನು ಮಾತ್ರ ಊರಿದಳು.

ಏಳೂ ಮೊಳೆತವು. ಅಕ್ಟೋಬರಿನ ಎರಡನೆಯ ವಾರ ಒಂದು ಮುಂಜಾವು ಏಳೂ, ಕುದಿಯುವ ನೀರು ಹೊಯ್ದಂತೆ ಕಪ್ಪಾಗಿ ಜೋತುಬಿದ್ದಿದ್ದವು.

ಅವಳು ಮಂಡಿಯೂರಿ ಕುಳಿತದ್ದು ಅವುಗಳ ಮುಂದೆ. ಏಳುವಾಗ ಹುಲ್ಲನ್ನು ನೋಡಿದಳು. ಹುಲ್ಲಿನ ಮೇಲೆ ಹಿಮವಿರಲಿಲ್ಲ. ಬರೀ ಇಬ್ಬನಿಯ ತೇವ, ಹಸುರು. ಆ ಹಸುರಿನ ಮೇಲೆ ಹಿಂಬೇಲಿಯಿಂದ ಪಾತಿಯವರೆಗೆ ಒಂದು ಸಾಲು ಹೆಜ್ಜೆಗಳು ಬೆಳ್ಳಗೆ ಬಿದ್ದಿದ್ದವು. ಪಾದ ಊರಿದ ಕಡೆ ಮಾತ್ರ ಹಿಮ ಕಟ್ಟಿತ್ತು. ಚಿಕ್ಕ ಪಾದಗಳು, ಹೆಂಗಸಿನವು, ಬರಿಗಾಲು, ಬೆರಳುಗಳನ್ನು ಎಣಿಸಬಹುದಿತ್ತು. ಹಿಂಬೇಲಿಗೆ ಗೇಟಿಲ್ಲ. ಬಿಸಿಲು ಬೇಲಿ ದಾಟುತ್ತಿದ್ದಂತೆ ಅವು ಒಂದೊಂದಾಗಿ ಕರಗಿದವು, ಬಂದ ಕ್ರಮದಲ್ಲೇ.

ತಿರುಮಲೇಶನಿಗೆ ಹೇಳಿದಾಗ ಅವನು ಫೋನಿನಿಂದ ತಲೆಯೆತ್ತದೆ, “ಪಾಸಮ್ ಇರಬೇಕು,” ಎಂದ. ರಾತ್ರಿ ಬೇಲಿ ಹತ್ತಿ ಅಡ್ಡಾಡುವ, ಬೆಕ್ಕಿನ ಗಾತ್ರದ ಅಲ್ಲಿಯ ಪ್ರಾಣಿ ಅದು.

“ಪಾಸಮ್‌ಗೆ ಐದು ಬೆರಳಿರತ್ತೆ ಸರಿ. ಹಿಮ್ಮಡಿನೂ ಇರತ್ತಾ?”

“ಹಾಗಾದ್ರೆ ಹಿಮ್ಮಡಿ ಇರೋ ಪಾಸಮ್.”

ವಾರ ಕಳೆದು ಮತ್ತೆ ಬಿದ್ದವು. ಈ ಸಲ ಹೆಜ್ಜೆಗಳು ಬರಿದಾದ ಪಾತಿಯ ಸುತ್ತ ಒಂದು ಸುತ್ತು ಬಂದು, ಏನನ್ನೋ ಹುಡುಕಿ ಸಿಗದವರಂತೆ ಅಲ್ಲಲ್ಲಿ ನಿಂತು, ಮನೆಯ ಕಡೆಗೆ ತಿರುಗಿದ್ದವು. ಹುಲ್ಲಿನ ನಡುವೆ ಮುಗಿದಿದ್ದವು.

ಮೂರನೆಯದು ಅಕ್ಟೋಬರಿನ ಕೊನೆಯ ಶುಕ್ರವಾರ. ಅನುಸೂಯ ಬೆಳಗಿನ ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದುಕೊಂಡೇ ಹಿಂಬಾಗಿಲು ತೆರೆದಳು. ಮೆಟ್ಟಿಲಿನ ಮೇಲೆ ಎರಡು ಬಿಳಿಯ ಪಾದಗಳು ಜೋಡಿಯಾಗಿ, ಬಾಗಿಲಿಗೆ ಮುಖ ಮಾಡಿ ನಿಂತಿದ್ದವು. ಪಾದಗಳ ಮೇಲೆ ಯಾರೂ ಇರಲಿಲ್ಲ.

ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಆದರೆ ಕೈಗೆ ಬೇರೆಯದೇ ಪಾಠವಿತ್ತು. ಹೊಸ್ತಿಲವರೆಗೆ ಬಂದ ಹೆಣ್ಣನ್ನು, ಅದರಲ್ಲೂ ಶುಕ್ರವಾರ, ಬರಿಹಣೆಯಲ್ಲಿ ಕಳಿಸಬಾರದೆಂದು ಅವಳ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರು ನಡೆದುಕೊಂಡು ಬಂದಿದ್ದರು. ಅವಳು ಬಾಗಿ ಬಟ್ಟಲನ್ನು ಮೆಟ್ಟಿಲಿನ ಮೇಲಿಟ್ಟಳು, ಪಕ್ಕದಲ್ಲಿ ಒಂದು ಬಾಳೆಹಣ್ಣು ಇಟ್ಟಳು. ಎದ್ದು ನಿಲ್ಲುವಾಗ, ಬೀಳ್ಕೊಡುವ ಬಾಗಿಲಲ್ಲಿ ಯಾವ ಕನ್ನಡದ ಹೆಂಗಸಿನ ಬಾಯಿಂದಲೂ ತಾನಾಗಿ ಬರುವ ಮಾತು ಅವಳ ಬಾಯಿಂದಲೂ ಬಂತು:

“ಹೋಗಿ ಬನ್ನಿ.”

ಒಳಗಿನಿಂದ ತಿರುಮಲೇಶ್ ಕೂಗಿದ. “ಯಾರ ಹತ್ರ ಮಾತಾಡ್ತಿದ್ದೀಯ? ಕೊರಿಯರ್ ಅವನಿಗೂ ಅರಿಶಿನ ಕುಂಕುಮ ಶುರು ಮಾಡಿದ್ಯಾ?”

ಅವಳು ಒಮ್ಮೆ ಒಳಕ್ಕೆ ತಿರುಗಿ ಮತ್ತೆ ನೋಡುವಷ್ಟರಲ್ಲಿ ಮೆಟ್ಟಿಲು ಒದ್ದೆಯಾಗಿತ್ತು, ಅಷ್ಟೆ. ಕುಂಕುಮದ ನಡುವೆ ಒಂದು ಬೆರಳಿನ ಗುಳಿ ಬಿದ್ದಿತ್ತು. ಗುಳಿಯ ಅಂಚಿನಲ್ಲಿ ಹಿಮದ ಹುಡಿ ಇನ್ನೂ ಕರಗಿರಲಿಲ್ಲ.

ಆ ಮೇಲೆ ಹಿಮ ಬೀಳಲಿಲ್ಲ. ಕಪ್ ಡೇ ಬಂತು, ಹೋಯಿತು. ಮರುದಿನ ಬುಧವಾರ ಅನುಸೂಯ ಹನ್ನೆರಡೂ ಕಾಳುಗಳನ್ನು ಊರಿದಳು. ಒಂಬತ್ತು ಮೊಳೆತವು. ಕ್ರಿಸ್‌ಮಸ್ ಹೊತ್ತಿಗೆ ಬಳ್ಳಿಗಳು ತಗಡಿನ ಬೇಲಿಗೆ ಕಟ್ಟಿದ ಬಲೆಯನ್ನು ಹಿಡಿದುಕೊಂಡು ಅವಳ ಭುಜಕ್ಕೆ ಬಂದಿದ್ದವು. ಶಿವಪುತ್ರಪ್ಪನವರು ಬೇಲಿಯ ಮೇಲಿಂದ ಎಲೆ ಮುಟ್ಟಿ ನೋಡಿ, “ನಾ ದನದ ಡಾಕ್ಟರ್. ಎಮ್ಮಿ ಆಗಿದ್ರ ನಾಡಿ ನೋಡಿ ಹೇಳತಿದ್ದೆ. ಆದ್ರೂ ಗಟ್ಟಿ ಅದಾವ,” ಎಂದು ಮೆಚ್ಚಿಕೊಂಡರು.

ಸಂಕ್ರಾಂತಿ ಆ ದೇಶದಲ್ಲಿ ನಡುಬೇಸಿಗೆ. ಅಂದು ಮೂವತ್ತೊಂಬತ್ತು ಡಿಗ್ರಿ ಬಿಸಿಲೆಂದು ಮುನ್ಸೂಚನೆ ಇತ್ತು. ರಜೆಗೆ ಬಂದಿದ್ದ ಇಂಚರಾ ಬೆಳಗಿನ ಆರಕ್ಕೇ ಸೆಕೆಯೆಂದು ಹಿಂಬಾಗಿಲು ತೆರೆದವಳು ಅಲ್ಲೇ ನಿಂತು ಕರೆದಳು.

“ಅಮ್ಮಾ. ಕಮ್ ಹಿಯರ್. ಸ್ಲೋಲಿ.”

ಅವರೆಯ ಪಾತಿ ಉದ್ದಕ್ಕೂ ಬೆಳ್ಳಗಿತ್ತು. ಪಾತಿಯ ಅಂಚಿಗೆ ಗೆರೆ ಎಳೆದಂತೆ ಹಿಮ ನಿಂತು, ಅದರಾಚೆಗೆ ಒಣಹುಲ್ಲು ಎಂದಿನಂತೆ ಕಂದಾಗಿತ್ತು. ಹಿಂಬೇಲಿಯಿಂದ ಮೆಟ್ಟಿಲವರೆಗೆ ಬಿಳಿಯ ಹೆಜ್ಜೆಗಳಿದ್ದವು. ಇಂಚರಾ ಬಗ್ಗಿ ಒಂದು ಹೆಜ್ಜೆಯನ್ನು ಬೆರಳಿನಿಂದ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡಳು.

“ದಿಸ್ ಈಸ್ ನಾಟ್ ಪಾಸಿಬಲ್. ಇಟ್ಸ್ ಟ್ವೆಂಟಿ ಸಿಕ್ಸ್ ಔಟ್‌ಸೈಡ್.”

“ಹಬ್ಬಕ್ಕೆ ಬಂದಿದ್ದಾರೆ,” ಎಂದಳು ಅನುಸೂಯ. ಹಾಗೆಂದದ್ದು ತಾನೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಎರಡು ಬಳ್ಳಿ ಬುಡದವರೆಗೆ ಕಪ್ಪಾಗಿದ್ದವು. ಏಳು ಉಳಿದವು.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅವಳು ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಶಿವಪುತ್ರಪ್ಪನವರ ಮನೆಗೆ ಹೋಗಿ, ಅಕ್ಟೋಬರಿನಿಂದ ಆದದ್ದೆಲ್ಲವನ್ನೂ ಹೇಳಿದಳು. ಅವರು ಎಳ್ಳನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

“ನಿಮ್ಮ ಮನಿ ಇರೋ ಜಾಗದಾಗ ಮದಲ ಒಬ್ಬ ಮುದುಕ ಆಲೂಗಡ್ಡಿ ಬೆಳೀತಿದ್ದ,” ಎಂದರು. “ಅವನ ಆಕಳಾ ನಾನ ನೋಡತಿದ್ದೆ. ಆ ತಗ್ಗಿನಾಗ ಒಬ್ಬಾಕಿ ಬರತಾಳ ಅಂತ ಅವನ ಹೇಳಿದ್ದ. ಚಳಿಗಾಲದ ಕೂಡ ಬರತಾಳ, ಚಳಿಗಾಲದ ಕೂಡ ಹೋಗತಾಳ. ಯಾರಿಗೂ ಏನೂ ಮಾಡಂಗಿಲ್ಲ. ಕರೀಬ್ಯಾಡ, ಅಷ್ಟ, ಅಂದಿದ್ದ.”

“ಮೊದಲೇ ಹೇಳಬಾರದಿತ್ತಾ ಡಾಕ್ಟ್ರೇ?”

“ಹೇಳಿದ್ರ ನಗತಿದ್ರಿ. ನಾನೂ ನಕ್ಕಿದ್ದೆ. ನೀವು ಏನ್ ಅಂದ್ರಿ ಅಕಿಗೆ?”

“ಹೋಗಿ ಬನ್ನಿ ಅಂದೆ.”

ಶಿವಪುತ್ರಪ್ಪ ಎಳ್ಳಿನ ಪೊಟ್ಟಣವನ್ನು ಮಡಿಸಿ ಪಕ್ಕಕ್ಕಿಟ್ಟರು. “ಯಾವ ದಿನ ಬರಬೇಕಂತ ಹೇಳಲಿಲ್ಲ ನೀವು. ಅದಕ ಯಾವಾಗ ಬೇಕಾದ್ರೂ ಬರತಾಳ. ಈಗ ಬರೇ ‘ಹೋಗು’ ಅಂದ್ಬಿಡ್ರಿ.”

“ಬಾಗಿಲಿಗೆ ಬಂದ ಮುತ್ತೈದೆಗೆ? ಆ ಮಾತು ಹೆಣ ಎತ್ತುವಾಗಲೂ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡಲ್ಲ ಡಾಕ್ಟ್ರೇ.”

“ನಮ್ಮ ಕಡೇನೂ ಅನ್ನಂಗಿಲ್ಲ ಬಿಡ್ರಿ,” ಎಂದು ಮುದುಕರು ಒಪ್ಪಿಕೊಂಡರು. “ಅಂದ್ರ ಏನಾಕ್ಕತೋ ಏನೋ.”

ಆ ದಿನವೆಲ್ಲ ಅನುಸೂಯ ಒಂದೇ ವಿಷಯವನ್ನು ತಿರುವಿ ಹಾಕಿದಳು. ನಾಳೆ ಬೆಳಿಗ್ಗೆ ಮತ್ತೆ ಬಂದರೆ ಬಳ್ಳಿ ಎಷ್ಟು ಉಳಿದೀತು? ನಾಡಿದ್ದು? ಬಿತ್ತಲು ಇನ್ನೊಂದು ಕಾಳಿಲ್ಲ. ‘ಹೋಗಿ ಬನ್ನಿ’ ಎಂಬುದು ಬೀಳ್ಕೊಡುಗೆಯ ಮಾತೇ ಹೊರತು ಆಮಂತ್ರಣವಲ್ಲ. ಆಮಂತ್ರಣಕ್ಕೆ ಒಂದು ಕ್ರಮವಿದೆ. ಅಕ್ಷತೆ ಹಿಡಿದು, ಕುಂಕುಮವಿಟ್ಟು, ತಿಂಗಳು ವಾರ ಹೊತ್ತು ಹೇಳಿ, ಊಟಕ್ಕೆ ಬರಬೇಕೆಂದು ಕರೆಯಬೇಕು. ಹಾಗೆ ಕರೆಸಿಕೊಂಡ ಮರ್ಯಾದಸ್ಥರು ಹೇಳಿದ ದಿನಕ್ಕಿಂತ ಮುಂಚೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಕರೆಯಬೇಡವೆಂದು ಆಲೂಗಡ್ಡೆಯ ಮುದುಕ ಹೇಳಿದ್ದನ್ನು ಅವಳು ಮರೆಯಲಿಲ್ಲ. ಅದನ್ನು ಒಂದು ತಟ್ಟೆಯಲ್ಲಿಟ್ಟು, ಏಳು ಬಳ್ಳಿಗಳನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿ ನೋಡಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಅಕ್ಷತೆಯೊಡನೆ ಮೆಟ್ಟಿಲಿನ ಮೇಲೆ ಕಾದು ನಿಂತಳು. ಮೊದಲು ಸದ್ದು ಕೇಳಿಸಿತು; ಬೇಲಿಯ ಬಳಿ, ಹಪ್ಪಳ ಮುರಿದಂತೆ. ಹುಲ್ಲಿನ ಮೇಲೆ ಒಂದು ಪಾದ ಬೆಳ್ಳಗಾಯಿತು. ಅದರ ಮುಂದೆ ಇನ್ನೊಂದು. ಅವಸರವಿಲ್ಲದ ನಡಿಗೆ. ಪಾತಿಯ ಪಕ್ಕದಲ್ಲಿ ಹಾದುಹೋಗುವಾಗ, ಸೆರಗು ತಾಕಿದಂತೆ, ಕೊನೆಯ ಬಳ್ಳಿಯ ಎಲೆಗಳು ಒಂದೊಂದೇ ಮುದುಡಿಕೊಂಡವು. ಪಾದಗಳು ಮೆಟ್ಟಿಲ ಕೆಳಗೆ ಬಂದು ಜೋಡಿಯಾದವು. ಅನುಸೂಯಳ ಉಸಿರು ಅವಳ ಮುಖದ ಮುಂದೆಯೇ ಹೊಗೆಯಾಗಿ ನಿಂತಿತು.

“ಜೂನ್ ತಿಂಗಳ ಎರಡನೇ ಸೋಮವಾರ,” ಎಂದಳು. ಕ್ರಮ ತಪ್ಪಲಿಲ್ಲ. “ಮಧ್ಯಾಹ್ನ ಹನ್ನೆರಡೂವರೆಗೆ. ನಮ್ಮ ಮನೆಗೆ ಊಟಕ್ಕೆ ಬರಬೇಕು.”

ಅಕ್ಷತೆಯನ್ನು ಪಾದಗಳ ಮೇಲೆ ಹಾಕಿದಳು. ಅಕ್ಕಿಕಾಳುಗಳು ಗಾಜಿನ ಮೇಲೆ ಬಿದ್ದಂತೆ ಟಿಣ್ಣೆಂದವು.

ಮಾರನೆಯ ದಿನ ಯಾರೂ ಬರಲಿಲ್ಲ. ಆರು ಬಳ್ಳಿಗಳು ಬೇಲಿಯ ತುದಿ ಮುಟ್ಟಿದವು. ಮಾರ್ಚ್ ಕೊನೆಗೆ ಹೂಬಿಟ್ಟವು, ಏಪ್ರಿಲ್‌ನಲ್ಲಿ ಕಾಯಿಕಟ್ಟಿದವು. ಹಿಂಬಾಗಿಲು ತೆರೆದರೆ ಸೊಗಡು ಅಡುಗೆಮನೆಯವರೆಗೆ ಬರುತ್ತಿತ್ತು. ಮೇ ತಿಂಗಳಲ್ಲಿ ಬಡಾವಣೆಯ ಮೇಲೆ ಮೊದಲ ಹಿಮ ಬಿದ್ದು ಶಿವಪುತ್ರಪ್ಪನವರ ಕುಂಬಳದ ಬಳ್ಳಿ ಸುಟ್ಟುಹೋಯಿತು. ಹಿಮ ಅವರ ಬದಿಯ ಬೇಲಿಯವರೆಗೆ ಬಂದು ಅಲ್ಲೇ ನಿಂತಿತ್ತು. ಅನುಸೂಯಳ ಅಂಗಳದಲ್ಲಿ ಅವರೆಯ ಕಾಯಿಗಳು ನೆಮ್ಮದಿಯಾಗಿ ಒಣಗಿ ಗಲಗಲವೆನ್ನುತ್ತಿದ್ದವು. ಜೂನ್ ಮೊದಲ ವಾರ ಅವಳು ಬಿಡಿಸಿದ ಬೀಜ ಒಂದು ಹಾರ್ಲಿಕ್ಸ್ ಬಾಟಲಿ ತುಂಬಿತು.

ಜಾತಿ ಉಳಿಯಿತು. ಇನ್ನು ಮಾತು ಉಳಿಸಿಕೊಳ್ಳಬೇಕಿತ್ತು.

ಎರಡನೆಯ ಸೋಮವಾರ ಸರ್ಕಾರಿ ರಜೆ. ತಿರುಮಲೇಶ್ ಮನೆಯಲ್ಲೇ ಇದ್ದ. ಅವನು ತಮಾಷೆ ಬಿಟ್ಟು ಬಹಳ ದಿನಗಳಾಗಿದ್ದವು, ಆದರೂ ಎಲೆ ಹಾಸುವಾಗ ಕೇಳಿದ, “ಹೀಟರ್ ಹಾಕಿರಲೋ, ಆರಿಸಲೋ? ಬರೋರಿಗೆ ಯಾವುದು ಹಿತ?”

“ಆರಿಸಿ.”

ಶಿವಪುತ್ರಪ್ಪನವರನ್ನೂ ಕರೆದಿದ್ದಳು. “ಉಳಿದದ್ದು ನಾಳಿ ಕಳಸ್ರಿ ತಂಗಿ. ಇವತ್ತ ನನಗ ಹಸಿವಿಲ್ಲ,” ಎಂದು ಅವರು ಬಾಗಿಲು ಹಾಕಿಕೊಂಡರು.

ಹಿತಕಿದ ಬೇಳೆಯ ಸಾರು, ಅನ್ನ, ಕೋಸಂಬರಿ, ಹೋಳಿಗೆ. ಹನ್ನೆರಡೂವರೆಗೆ ಅನುಸೂಯ ಹಿಂಬಾಗಿಲು ತೆರೆದು, “ಬನ್ನಿ,” ಎಂದಳು. ಹೊರಗೆ ಹೊಳೆಯುವ ಬಿಸಿಲಿತ್ತು. ಆ ಬಿಸಿಲಿನಿಂದ ಒಂದು ಬಿಳಿಯ ಪಾದ ಹೊಸ್ತಿಲು ದಾಟಿ ಟೈಲ್ಸಿನ ಮೇಲೆ ಊರಿತು. ಹೆಜ್ಜೆಗಳು ಮಣೆಯವರೆಗೆ ನಡೆದವು. ಅನ್ನದ ಮೇಲೆ ಏಳುತ್ತಿದ್ದ ಹಬೆ, ಯಾರೋ ಬೆರಳಿನಿಂದ ಚಿವುಟಿದಂತೆ, ನಿಂತಿತು. ಸಾರಿನ ಮೇಲೆ ಗಾಜಿನಂಥ ಪೊರೆ ಕಟ್ಟಿತು. ಗಂಡಹೆಂಡಿರು ಗೋಡೆಗೆ ಒರಗಿ ನಿಂತು ನೋಡಿದರು. ಬಡಿಸಿದ್ದರಲ್ಲಿ ಏನೂ ಕಡಿಮೆಯಾಗಲಿಲ್ಲ, ಆದರೆ ಎಲೆಯ ಮೇಲಿದ್ದ ಪರಿಮಳವಷ್ಟೂ ಹೋಯಿತು. ಸೊಗಡಿನ ಅವರೆಯ ಸಾರು ಬಿಸಿನೀರಿನಷ್ಟೂ ಘಮ್ಮೆನ್ನಲಿಲ್ಲ.

ಊಟ ಮುಗಿಯಿತೆಂದು ತಿಳಿದು ಅನುಸೂಯ ಕುಂಕುಮ, ರವಿಕೆಬಟ್ಟೆ, ತೆಂಗಿನಕಾಯಿ ಹಿಡಿದು ಹಿಂಬಾಗಿಲಲ್ಲಿ ನಿಂತಳು. ಬೀಳ್ಕೊಡುವಾಗ ಆಡಬೇಕಾದ ಮಾತನ್ನು ಐದು ತಿಂಗಳಿಂದ ಯೋಚಿಸಿ ಇಟ್ಟುಕೊಂಡಿದ್ದಳು. ಮುಂದಿನ ವರ್ಷದ ಜೂನ್, ಅದೇ ಸೋಮವಾರ.

ಹೆಜ್ಜೆಗಳು ಬಾಗಿಲ ಕಡೆಗೆ ಬರಲಿಲ್ಲ. ಮಣೆಯಿಂದ ಎದ್ದು, ನಡುಮನೆ ದಾಟಿ, ಒಳಗಿನ ಕಾರಿಡಾರ್ ಹಿಡಿದು, ಇಂಚರಾಳ ಕೋಣೆಗೆ ಹೋದವು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಸಂಜೆಯಾಯಿತು. ಟೈಲ್ಸಿನ ಮೇಲಿನ ಹೆಜ್ಜೆಗಳು ಕರಗಲಿಲ್ಲ.

“ಯಾವಾಗ ಹೋಗ್ತಾರೆ ಅಂತ ಕೇಳು,” ಎಂದ ತಿರುಮಲೇಶ್, ಪಿಸುದನಿಯಲ್ಲಿ.

“ಊಟಕ್ಕೆ ಕರೆದು ಕೂರಿಸಿದವರನ್ನ ಹಾಗೆ ಕೇಳೋಕಾಗತ್ತೇನ್ರೀ?”

ಬರುವ ದಿನವನ್ನು ಅವಳು ಹೇಳಿದ್ದಳು. ಹೋಗುವ ದಿನವನ್ನು ನೆಂಟರಿಗೆ ಯಾರೂ ಹೇಳುವುದಿಲ್ಲ.

ಆ ಚಳಿಗಾಲದ ಉಳಿದ ದಿನಗಳಲ್ಲಿ ತಗ್ಗಿನ ಬಡಾವಣೆಯ ಮೇಲೆ ಒಂದು ದಿನವೂ ಹಿಮ ಬೀಳಲಿಲ್ಲ. ಸುತ್ತಲಿನ ಸಬರ್ಬುಗಳೆಲ್ಲ ಬೆಳಗ್ಗೆ ಬೆಳ್ಳಗಿರುತ್ತಿದ್ದರೆ ಇಲ್ಲಿಯವರು ಹಸಿ ಹುಲ್ಲಿನ ಮೇಲೆ ನಾಯಿ ಅಡ್ಡಾಡಿಸುತ್ತಿದ್ದರು. ಹವೆ ಬದಲಾಗಿದೆಯೆಂದು ಹಿಗ್ಗಿ ಆಗಸ್ಟಿನಲ್ಲೇ ಟೊಮ್ಯಾಟೊ ಹಚ್ಚಿದರು, ಅವೂ ಬದುಕಿದವು. ಶಿವಪುತ್ರಪ್ಪನವರು ಮಾತ್ರ ಕಪ್ ಡೇವರೆಗೆ ಕಾದರು, ಯಾರಿಗೂ ಕಾರಣ ಹೇಳಲಿಲ್ಲ.

ಬೀಜದ ಬಾಟಲಿಯನ್ನು ಅನುಸೂಯ ಆ ಕೋಣೆಯಲ್ಲೇ ಇಟ್ಟಳು. ಅಂಥ ಚಳಿಯಲ್ಲಿ ಬೀಜ ಮೂರಲ್ಲ, ಮೂವತ್ತು ವರ್ಷ ಕಸುವು ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬೀಜ ಉಳಿದಿದೆಯೆಂಬ ಸುದ್ದಿ ಸಿಡ್ನಿಗೆ ಮುಟ್ಟಿ, ಅಕ್ಟೋಬರಿನಲ್ಲಿ ಕೆಲ್ಲಿವಿಲ್‌ನ ಮಾಧುರಿ ಎಂಬ ಹುಡುಗಿ, ಪಿಆರ್‌ಗೆ, ಅಂದರೆ ಕಾಯಂ ವಾಸದ ಪರವಾನಗಿಗೆ ಕಾಯುತ್ತಿದ್ದ ಸಾಫ್ಟ್‌ವೇರಿನವಳು, ಕೇಳಿಕೊಂಡು ಬಂದಳು. ಅನುಸೂಯ ಅವಳನ್ನು ನಡುಮನೆಯಲ್ಲಿ ಕೂರಿಸಿ, ಶಾಲು ಹೊದ್ದು ಕಾರಿಡಾರಿಗೆ ಹೋದಳು. ಮುಚ್ಚಿದ ಬಾಗಿಲನ್ನು ಎರಡು ಬಾರಿ ತಟ್ಟಿ, ಒಂದು ಉಸಿರು ಕಾದು, ಒಳಗೆ ಹೋಗಿ ಬಾಟಲಿ ತಂದಳು. ಮುಚ್ಚಳ ಬಿಗಿದುಕೊಂಡಿತ್ತು, ಸೆರಗಿನಲ್ಲಿ ಹಿಡಿದು ತಿರುಗಿಸಬೇಕಾಯಿತು. ಇಪ್ಪತ್ತು ಕಾಳು ಎಣಿಸಿ ಮಾಧುರಿಯ ಅಂಗೈಗೆ ಹಾಕಿದಳು.

“ಅಯ್ಯೋ, ಕೊರೀತಿದೆ. ಫ್ರಿಜ್‌ನಲ್ಲಿ ಇಟ್ಟಿದ್ರಾ ಆಂಟಿ?”

“ಇಲ್ಲಮ್ಮ. ಕೆಲ್ಲಿವಿಲ್‌ನಲ್ಲಾದ್ರೆ ಈಗಲೇ ಊರಬಹುದು. ಕಾಯಬೇಡ.”

ಮಾಧುರಿ ಕಾಳುಗಳನ್ನು ಕಾಗದದಲ್ಲಿ ಸುತ್ತುತ್ತ ಕಾರಿಡಾರಿನ ಕಡೆ ನೋಡಿದಳು. “ಬಾಗಿಲು ತಟ್ಟಿ ಹೋದ್ರಲ್ಲ. ಮಗಳು ಮಲಗಿದ್ದಾಳಾ? ನನ್ನಿಂದ ಡಿಸ್ಟರ್ಬ್ ಆಯ್ತೇನೋ.”

“ಇಲ್ಲ,” ಎಂದಳು ಅನುಸೂಯ, ಮುಚ್ಚ‍ಳ ಬಿಗಿಗೊಳಿಸುತ್ತ. “ಮಗಳು ಬಂದಾಗ ಹಾಲ್‌ನಲ್ಲೇ ಮಲಗ್ತಾಳೆ.”